ಸದ್ದೇ ಇಲ್ಲ ಕನ ಮಗ

ಬೆಂಗಳೂರಲ್ಲಿರೋ ಹಳ್ಳಿ ಮಕ್ಕಳಿಗೆಲ್ಲ ಒಂದೇ ಭಯ: ಬೆಳಗಿನ ಜಾವ ಐದು ಗಂಟೆಗೆ ಊರಿಂದ ಬರೋ ಫೋನು. ಆ ಹೊತ್ತಲ್ಲಿ ಯಾರೂ ಒಳ್ಳೆ ಸುದ್ದಿ ಹೇಳೋಕೆ ಫೋನ್ ಮಾಡಲ್ಲ. ಹೋದ ಧನುರ್ಮಾಸದಲ್ಲಿ ಅಂಥದ್ದೊಂದು ಫೋನು ಬಂತು. ಹೆಂಡತಿ ಎದ್ದು ಲೈಟ್ ಹಾಕಿದಳು. ನನ್ನ ಕೈ ನಡುಗುತ್ತಿತ್ತು.

"ಕಾರು ಸ್ಟಾರ್ಟ್ ಆಯ್ತಾ ಇಲ್ಲ ಕನ ಮಗ," ಅಂದ ಅಪ್ಪ.

ಉಸಿರು ಬಿಟ್ಟೆ. ಮರುಕ್ಷಣ ಸಿಟ್ಟು ಬಂತು. ಇಷ್ಟಕ್ಕೆ ಐದು ಗಂಟೆಗೆ ಎಬ್ಬಿಸಬೇಕಾ ಅಂತ. ಆದರೂ ಅಪ್ಪ ಕೇಳಿದ್ದಾನಲ್ಲ, ಅದೂ ಇಂಜಿನ್ ವಿಷಯಕ್ಕೆ ನನ್ನನ್ನ ಕೇಳಿದ್ದಾನಲ್ಲ ಅಂತ ಒಳಗೊಳಗೇ ಖುಷಿ ಆಯ್ತು. ಎದ್ದು ಕೂತು ವಿಚಾರಣೆ ಶುರು ಮಾಡಿದೆ.

"ಕೀ ತಿರುಗಿಸಿದ್ರೆ ಏನಾದ್ರೂ ಸದ್ದು ಬರುತ್ತಾ?"

"ಆಂ?"

"ಸದ್ದು, ಸದ್ದು ಬರುತ್ತಾ?"

"ಸದ್ದೇ ಇಲ್ಲ ಕನ ಮಗ."

"ಮುಂದುಗಡೆ ಲೈಟು, ಮೀಟರ್ ಲೈಟು?"

"ಅವೆಲ್ಲ ಉರೀತವೆ."

ನಮ್ಮೂರಲ್ಲಿ ನೆಟ್‌ವರ್ಕು ಅಷ್ಟಕ್ಕಷ್ಟೇ. ಒಂದೊಂದು ಪ್ರಶ್ನೆಯನ್ನ ಎರಡೆರಡು ಸಲ ಕೇಳಬೇಕಾಯ್ತು. ಹಾಗಂತ ಆವತ್ತು ಅಂದುಕೊಂಡೆ.

ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇರೋ ಒಂದು ಹಳ್ಳಿ. ಕಪಿಲಾ ಹೊಳೆ ಹತ್ತಿರ. ಭತ್ತ, ಕಬ್ಬು, ಒಂದಿಷ್ಟು ಬಾಳೆ. ಡಿಸೆಂಬರ್, ಜನವರಿಯಲ್ಲಿ ಹೊಳೆ ಕಡೆಯಿಂದ ಮಂಜು ಎದ್ದು ಗದ್ದೆ ಮೇಲೆ ಮಲಗಿಬಿಡುತ್ತೆ. ಎಂಟು ಗಂಟೆವರೆಗೂ ಎದುರು ಮನೆ ಕಾಣಲ್ಲ. ಚಳಿ ಅಂದ್ರೆ ಎಷ್ಟು? ಬೆಳಗಿನ ಜಾವ ಹದಿನೈದು, ಹದಿನಾರು ಡಿಗ್ರಿ. ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ಲಡಾಖಿನವರು ಕೇಳಿದರೆ ನಗ್ತಾರೆ. ನಮ್ಮವರಿಗೆ ಮಾತ್ರ ಮಂಕಿ ಕ್ಯಾಪು, ಮೇಲೊಂದು ಟವೆಲ್ಲು, ಅದರ ಮೇಲೆ ಕಂಬಳಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗೋವರೆಗೂ ಇದೇ ವೇಷ.

ಕಾರು ಹಳೇ ಡೀಸೆಲ್ ಗಾಡಿ. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಲ್ಲಿ ಕೊಡಿಸಿದ್ದೆ. ನಮ್ಮ ಬೀದಿಗೆ ಅದೊಂದೇ ಕಾರು. ಹಾಗಾಗಿ ಅದು ಅಪ್ಪನದ್ದು ಅನ್ನೋದಕ್ಕಿಂತ ಬೀದಿಯದ್ದು ಅನ್ನಬಹುದು. ಯಾರಿಗೆ ರಾತ್ರಿ ಹೊಟ್ಟೆ ನೋವು ಬಂದರೂ ಬಂದು ತಟ್ಟೋದು ನಮ್ಮನೆ ಬಾಗಿಲು. ಅಪ್ಪನಿಗೆ ಅದೊಂದು ಹೆಮ್ಮೆ. ಧನುರ್ಮಾಸದಲ್ಲಿ ಮಾತ್ರ ಬೆಳಗ್ಗೆ ಐದಕ್ಕೇ ಅದಕ್ಕೆ ಕೆಲಸ. ಅವ್ವನ್ನ, ಪಕ್ಕದ ಮನೆ ಇಬ್ಬರು ಮುದುಕಿಯರನ್ನ ಕೂರಿಸಿಕೊಂಡು ನರಸೀಪುರದ ಗುಂಜಾ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋಗಿ, ಹುಗ್ಗಿ ಪ್ರಸಾದ ತಿಂದು ಬರೋದು.

ಅಪ್ಪ ಇಂಜಿನ್ ಬಗ್ಗೆ ನನ್ನ ಕೇಳಿದ್ದಕ್ಕೆ ಖುಷಿ ಆಯ್ತು ಅಂದೆನಲ್ಲ, ಅದಕ್ಕೆ ಕಾರಣ ಇದೆ. ಅಪ್ಪ ಇಪ್ಪತ್ತೆಂಟು ವರ್ಷ ಊರಲ್ಲಿ ಹಿಟ್ಟಿನ ಮಿಲ್ಲು ನಡೆಸಿದವನು. ಕರೆಂಟು ಬರ್ತೀನಿ ಹೋಗ್ತೀನಿ ಅನ್ನೋ ಕಾಲ. ಅದಕ್ಕೇ ಡೀಸೆಲ್ ಇಂಜಿನ್ ಇತ್ತು. ಅದಕ್ಕೆ ಸ್ಟಾರ್ಟರ್ ಮೋಟಾರೂ ಇಲ್ಲ, ಬ್ಯಾಟರಿಯೂ ಇಲ್ಲ. ಹ್ಯಾಂಡಲ್ ಹಾಕಿ ತಿರುಗಿಸಬೇಕು. ಒಂದು ಕೈಯಲ್ಲಿ ಲಿವರ್ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಗರಗರ ತಿರುಗಿಸಿ, ಚಕ್ರಕ್ಕೆ ವೇಗ ಬಂದ ತಕ್ಷಣ ಲಿವರ್ ಬಿಟ್ಟರೆ ಡುಬುಡುಬು ಅಂತ ಹೊತ್ತಿಕೊಳ್ಳೋದು. ಚಳಿಗಾಲದಲ್ಲಿ ಮೊದಲು ಅವ್ವ ಕಾಯಿಸಿಕೊಟ್ಟ ಬಿಸಿನೀರನ್ನ ಇಂಜಿನ್ನಿನ ನೀರಿನ ಜಾಗಕ್ಕೆ ಹುಯ್ಯೋನು. "ಮನುಷ್ಯಂಗೂ ಬೆಳಗ್ಗೆ ಎದ್ದೇಳಕ್ಕೆ ಬಿಸಿ ಕಾಫಿ ಬೇಕಲ್ವಾ, ಅಂಗೇ ಇದ್ಕೂ" ಅನ್ನೋನು. ಹ್ಯಾಂಡಲ್ ವಾಪಸ್ ಹೊಡೆದು ಒಂದು ಸಲ ಅವನ ಮಣಿಕಟ್ಟು ಮುರಿದಿತ್ತು. ಅಮೆರಿಕದಲ್ಲಿ ಕೆಟರಿಂಗ್ ಅನ್ನೋ ಇಂಜಿನಿಯರು ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಮಾಡಿ, 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದುಬಿಟ್ಟಿತ್ತು. ಅದಾಗಿ ಎಂಬತ್ತು ವರ್ಷದ ಮೇಲೂ ನಮ್ಮಪ್ಪ ನರಸೀಪುರದ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ.

ಇಂಜಿನ್ ಕೆಟ್ಟರೆ ಅಪ್ಪ ಮೊದಲು ಬಿಚ್ಚುತ್ತಿರಲಿಲ್ಲ, ಕೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನ ಇಂಜಿನ್ ಮೇಲಿಟ್ಟು, ಹಿಡಿಯನ್ನ ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲೋನು. ಡಾಕ್ಟರ ಹಾಗೆ. "ಬೇರಿಂಗು ಹೋಗದೆ," ಅಂದರೆ ಬೇರಿಂಗು ಹೋಗಿರೋದು. ನನ್ನ ಕಿವಿಗೂ ಅದನ್ನ ಹಚ್ಚಿ, "ಕೇಳು, ಕೇಳು, ಅದೇನ್ ಹೇಳ್ತದೆ ಅಂತ ಕೇಳು" ಅನ್ನೋನು. ನಾನು ಇಂಜಿನಿಯರಿಂಗ್ ಓದಿದ್ದು ಮೈಸೂರಲ್ಲಿ. ಕೇಳೋದನ್ನ ಕಲಿತದ್ದು ಆ ಮಿಲ್ಲಲ್ಲಿ.

ಈಗ ಕಾರಿನ ವಿಷಯ. ಕೀ ತಿರುಗಿಸಿದಾಗ ಒಳಗೆ ಏನಾಗುತ್ತೆ ಅಂತ ಗೊತ್ತಿದ್ದರೆ, ಅರ್ಧ ರೋಗ ಕಿವಿಯಿಂದಲೇ ಗೊತ್ತಾಗುತ್ತೆ. ಕೀ ತಿರುಗಿಸಿದಾಗ ಸಣ್ಣದೊಂದು ಕರೆಂಟು ರಿಲೇ ದಾಟಿ ಸ್ಟಾರ್ಟರಿನ ಬೆನ್ನ ಮೇಲಿರೋ ಸೊಲೆನಾಯ್ಡಿಗೆ ಹೋಗುತ್ತೆ. ಸೊಲೆನಾಯ್ಡ್ ಅಂದ್ರೆ ಸುರುಳಿ ತಂತಿಯ ಒಳಗೆ ಒಂದು ಕಬ್ಬಿಣದ ಗೂಟ. ಕರೆಂಟು ಹರಿದ ಕೂಡಲೇ ಗೂಟ ಒಳಕ್ಕೆ ಎಳೆದುಕೊಂಡು ಎರಡು ಕೆಲಸ ಮಾಡುತ್ತೆ. ಒಂದು, ಸಣ್ಣ ಹಲ್ಲುಚಕ್ರವನ್ನ ಮುಂದಕ್ಕೆ ದೂಡಿ ಇಂಜಿನ್ನಿನ ದೊಡ್ಡ ಚಕ್ರಕ್ಕೆ ಕಚ್ಚಿಸುತ್ತೆ. ಎರಡು, ದಪ್ಪ ತಾಮ್ರದ ಎರಡು ತುದಿಗಳನ್ನ ಕೂಡಿಸಿ ಬ್ಯಾಟರಿಯ ಪೂರ್ತಿ ಕರೆಂಟನ್ನ ಮೋಟಾರಿಗೆ ಬಿಡುತ್ತೆ. ಆ ಗೂಟ ಬಡಿಯೋ ಸದ್ದೇ 'ಟಕ್'.

ಆದ್ದರಿಂದ ಲೆಕ್ಕ ಹೀಗೆ. ಟಕಟಕಟಕ ಅಂತ ಮಳೆ ಹನಿ ಹಾಗೆ ಬಡಿದುಕೊಂಡರೆ ಬ್ಯಾಟರಿಯಲ್ಲಿ ದಮ್ಮಿಲ್ಲ. ಗೂಟ ಎಳೆದುಕೊಂಡು ಮೋಟಾರಿಗೆ ಕರೆಂಟು ಹೋದ ತಕ್ಷಣ ವೋಲ್ಟೇಜು ಕುಸಿಯುತ್ತೆ, ಗೂಟ ಬಿಟ್ಟುಕೊಳ್ಳುತ್ತೆ, ವೋಲ್ಟೇಜು ಮತ್ತೆ ಏರುತ್ತೆ, ಮತ್ತೆ ಎಳೆಯುತ್ತೆ. ಒಂದೇ ಒಂದು ಸಲ ಟಕ್ ಅಂದು ಸುಮ್ಮನಾದರೆ ಸೊಲೆನಾಯ್ಡಿನವರೆಗೂ ಎಲ್ಲ ಸರಿ, ಮುಂದೆ ಕೆಟ್ಟಿದೆ: ಒಳಗಿನ ತಾಮ್ರ ಸುಟ್ಟಿರಬೇಕು, ಮೋಟಾರಿನ ಬ್ರಷ್ ಸವೆದಿರಬೇಕು, ಇಲ್ಲವೇ ದಪ್ಪ ಕೇಬಲ್ಲುಗಳು ಎಲ್ಲೋ ಹಿಡಿದುಕೊಂಡಿಲ್ಲ. ಗುಂಯ್ ಅಂತ ಮೋಟಾರು ತಿರುಗಿಯೂ ಇಂಜಿನ್ ತಿರುಗದಿದ್ದರೆ ಹಲ್ಲುಚಕ್ರದ ಕ್ಲಚ್ಚು ಜಾರ್ತಿದೆ. ಕರಕರ ಅಂದರೆ ಹಲ್ಲು ಸವೆದಿದೆ. ಊಂ... ಊಂ... ಅಂತ ಮುಲುಗಿದರೆ ಬ್ಯಾಟರಿ, ಕೇಬಲ್ಲು ಅಥವಾ ಚಳಿಗೆ ಗಟ್ಟಿಯಾದ ಆಯಿಲ್ಲು. ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸ್ಟಾರ್ಟರಿನ ತಪ್ಪೇ ಅಲ್ಲ. ಡೀಸೆಲ್ ಗಾಡಿಯಾದರೆ ಗ್ಲೋ ಪ್ಲಗ್ ನೋಡಬೇಕು, ಡೀಸೆಲ್ ಪೈಪಲ್ಲಿ ಗಾಳಿ ಹೊಕ್ಕಿದೆಯಾ ನೋಡಬೇಕು.

ಮತ್ತೆ ಸದ್ದೇ ಇಲ್ಲದಿದ್ದರೆ? ಆಗ ಸೊಲೆನಾಯ್ಡಿಗೇ ಕರೆಂಟು ಹೋಗ್ತಿಲ್ಲ. ಕೀ ಸ್ವಿಚ್ಚು, ರಿಲೇ, ಫ್ಯೂಸು, ಸಣ್ಣ ವೈರು. ನೋಡಬೇಕಾದ್ದು ಇಷ್ಟೇ.

ನಮ್ಮ ಕೆಲಸದಲ್ಲೂ ಇದೇ ಮಾಡ್ತೀವಿ. ಇದಾ, ಅದಾ ಅಂತ ಒಂದೊಂದೇ ಕವಲು ಕತ್ತರಿಸಿಕೊಂಡು ಬರೋದು. "ಸದ್ದೇ ಇಲ್ಲ" ಅನ್ನೋ ಒಂದೇ ಉತ್ತರಕ್ಕೆ ನಾನು ಬ್ಯಾಟರಿ, ಕೇಬಲ್, ಮೋಟಾರು ಎಲ್ಲವನ್ನೂ ಪಟ್ಟಿಯಿಂದ ಹೊಡೆದುಹಾಕಿದೆ. ಬೆಂಗಳೂರಲ್ಲಿ ಹಾಸಿಗೆ ಮೇಲೆ ಕೂತು, ಹತ್ತು ನಿಮಿಷದಲ್ಲಿ. "ಕೀ ಸ್ವಿಚ್ ಹೋಗಿದೆ, ಹಾಕಿಸು" ಅಂದೆ.

ಅಪ್ಪ ಹಾಕಿಸಿದ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ಬೆಳಗ್ಗೆ ಮತ್ತೆ "ಸದ್ದೇ ಇಲ್ಲ ಕನ ಮಗ". ರಿಲೇ ಹಾಕಿಸು ಅಂದೆ. ಹಾಕಿಸಿದ. ಮತ್ತೆ ಅದೇ. ಮೆಕ್ಯಾನಿಕ್ಕು ಬರೋದು ಹನ್ನೊಂದು ಗಂಟೆಗೆ. ಅಷ್ಟು ಹೊತ್ತಿಗೆ ಬಿಸಿಲು ಬಿದ್ದು, ಕೀ ತಿರುಗಿಸಿದರೆ ಕಾರು ಏನೂ ಗೊತ್ತಿಲ್ಲದ ಮಗು ಹಾಗೆ ಸ್ಟಾರ್ಟ್ ಆಗೋದು. "ಏನೂ ಆಗಿಲ್ಲ ಯಜಮಾನ್ರೇ, ಚೆನ್ನಾಗೇ ಅದಲ್ಲ" ಅಂತ ಹೇಳಿ, ಬಂದ ತಪ್ಪಿಗೆ ಇನ್ನೂರು ರೂಪಾಯಿ ಈಸ್ಕೊಂಡು ಹೋಗೋನು. ಅವನನ್ನ ಬಯ್ಯೋಕೆ ನನಗೆ ಬಾಯಿಲ್ಲ. ಟೆಸ್ಟಿಂಗಿನವರು ಬಗ್ ಹಿಡಿದುಕೊಂಡು ಬಂದಾಗ 'ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಓಡ್ತಿದೆ' ಅಂತ ಎಷ್ಟು ಸಲ ಕಳಿಸಿಲ್ಲ ನಾನು.

ಜನವರಿ ಮೊದಲ ವಾರ ಆಗಬಾರದ್ದು ಆಯ್ತು. ಎದುರು ಮನೆ ದೊಡ್ಡವ್ವನಿಗೆ ನಾಲ್ಕು ಗಂಟೆ ರಾತ್ರಿಗೆ ಉಬ್ಬಸ ಜಾಸ್ತಿಯಾಗಿ ಮೊಮ್ಮಗ ಓಡಿ ಬಂದು ಬಾಗಿಲು ತಟ್ಟಿದ. ತೆಗೆದದ್ದು ಅವ್ವ. ಅಪ್ಪ ಕೀ ತಗೊಂಡು ಹೋದ. ಕಾರು ಏಳಲಿಲ್ಲ. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ನಾಲ್ಕು ಜನ ಸೇರೋಕೆ ಹೊತ್ತು ಬೇಕು. ಕೊನೆಗೆ ಹಾಲಿನ ಕ್ಯಾನು ಸಾಗಿಸೋ ಗೂಡ್ಸ್ ಆಟೋದಲ್ಲಿ ಆಯಮ್ಮನ್ನ ಮಲಗಿಸಿಕೊಂಡು, ಆ ಮಂಜಲ್ಲಿ ನರಸೀಪುರಕ್ಕೆ ಹೋದರು. ದೊಡ್ಡವ್ವ ಉಳಿದಳು. ನಾಲ್ಕು ದಿನಕ್ಕೆ ಮನೆಗೆ ಬಂದಳು. ಆದರೆ ಅಪ್ಪ ಅವತ್ತು ಊಟ ಮಾಡಲಿಲ್ಲವಂತೆ. ಎಷ್ಟು ಹೊತ್ತಾದರೂ ಕಾರಿನ ಪಕ್ಕ ಜಗುಲಿ ಮೇಲೆ ಕೂತೇ ಇದ್ದನಂತೆ. "ನಮ್ಮನೆ ಗಾಡಿ ಅಂತ ನಂಬ್ಕೊಂಡು ಬಂದ್ರಲ್ಲ" ಅಂತ ಅಷ್ಟೇ ಅಂದನಂತೆ. ಇದನ್ನೆಲ್ಲ ಹೇಳಿದ್ದು ಅವ್ವ. ಅಪ್ಪ ಎಂದಿನಂತೆ ಎರಡು ಮಾತಾಡಿ, "ಹ್ಞೂ, ಹ್ಞೂ, ಇರು ನಿಮ್ಮವ್ವಂಗೆ ಕೊಡ್ತೀನಿ" ಅಂದುಬಿಟ್ಟಿದ್ದ. ನಾಲ್ಕೈದು ವರ್ಷದಿಂದ ಅಪ್ಪನದ್ದು ಫೋನಲ್ಲಿ ಇಷ್ಟೇ ಮಾತು. ಬೆಂಗಳೂರಿನ ಮಗನ ಜೊತೆ ಮಾತಾಡೋಕೆ ಅಪ್ಪನಿಗೆ ಇನ್ನೇನೂ ಉಳಿದಿಲ್ಲ ಅಂತ ನಾನೂ ಒಪ್ಪಿಕೊಂಡುಬಿಟ್ಟಿದ್ದೆ.

ಸಂಕ್ರಾಂತಿಗೆ ರಜೆ ಹಾಕಿ ಹೋದೆ. ಬ್ಯಾಗಲ್ಲಿ ಎಳ್ಳು ಬೆಲ್ಲದ ಜೊತೆ ಒಂದು ಮಲ್ಟಿಮೀಟರು. ಮೆಕ್ಯಾನಿಕ್ ಮಾಡಿದ ತಪ್ಪು ನಾನು ಮಾಡಬಾರದು ಅಂತ ರಾತ್ರಿಯಿಡೀ ಕಾರನ್ನ ಬಯಲಲ್ಲೇ ಬಿಟ್ಟು, ಬೆಳಗ್ಗೆ ಐದಕ್ಕೆ ಎದ್ದೆ. ಬಾನೆಟ್ಟಿನ ಮೇಲೆ ಇಬ್ಬನಿ ಹನಿಹನಿಯಾಗಿ ಕೂತಿತ್ತು. ಅಪ್ಪ ಮಂಕಿ ಕ್ಯಾಪು ಹಾಕ್ಕೊಂಡು ಒಳಗೆ ಕೂತ. ನಾನು ಬಾನೆಟ್ ಎತ್ತಿ ಟಾರ್ಚ್ ಹಿಡಿದು ನಿಂತೆ.

"ತಿರುಗಿಸು!"

ಟಕ್.

ಸ್ಪಷ್ಟವಾಗಿ, ಒಂದೇ ಒಂದು ಸಲ. ಬೀದಿ ಕೊನೆಯವರೆಗೂ ಕೇಳಿಸೋ ಹಾಗೆ.

"ನೋಡ್ದಾ," ಅಂದ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ. "ಸದ್ದೇ ಇಲ್ಲ."

ನಾನು ಸುಮ್ಮನೆ ನಿಂತೆ. ಮಂಕಿ ಕ್ಯಾಪು ಇದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. "ಕ್ಯಾಪ್ ತೆಗಿ ಅಪ್ಪ, ಇನ್ನೊಂದು ಸಲ ತಿರುಗಿಸು" ಅಂದೆ. ತೆಗೆದ. ತಿರುಗಿಸಿದ. ಟಕ್.

"ಈಗ?"

"ಇಲ್ಲ ಕನ. ಏನೂ ಇಲ್ಲ."

ನನ್ನ ಮುಖ ನೋಡಿ ಅವನಿಗೂ ಏನೋ ಗೊತ್ತಾಯ್ತು. "ಬತ್ತದಾ?" ಅಂದ ಮೆಲ್ಲಗೆ. ನಾನು ಹೌದು ಅಂತ ತಲೆ ಆಡಿಸಿದೆ. ಅವನು ಸ್ಟಿಯರಿಂಗ್ ನೋಡ್ತಾ ಕೂತ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅವ್ವ, "ನಾನು ಬಾಯ್ ಬಡ್ಕೋತಾನೇ ಇವ್ನಿ. ಟೀವಿ ಸೌಂಡು ಎಷ್ಟಿಡ್ತದೆ ಕೇಳು ನಿಮ್ಮಪ್ಪ. ಹಿಂದ್ಗಡೆಯಿಂದ ಕರುದ್ರೆ ತಿರುಗೋದೇ ಇಲ್ಲ. ಜಂಬ ಅಂದ್ಕಂಡಿದ್ದೆ" ಅಂದಳು.

ಆ ಬೆಳಗ್ಗೆ ಎರಡು ರೋಗ ಇದ್ದವು. ಸುಲಭದ್ದನ್ನ ಮೊದಲು ಹಿಡಿದುಕೊಂಡೆ.

ಟಕ್ ಅಂದ ಮೇಲೆ ಪಟ್ಟಿ ಪೂರ್ತಿ ತಲೆಕೆಳಗು. ಕೀ ಸ್ವಿಚ್ಚು, ರಿಲೇ ಎರಡೂ ನಿರಪರಾಧಿಗಳು. ಮೊದಲು ಹೆಡ್‌ಲೈಟ್ ಹಾಕಿ ಕೀ ತಿರುಗಿಸೋಕೆ ಹೇಳಿದೆ. ಇದಕ್ಕೆ ಮೀಟರೂ ಬೇಡ, ಎದುರು ಗೋಡೆ ಸಾಕು. ಟಕ್ ಅಂದಾಗ ಲೈಟು ಸತ್ತೇಹೋದರೆ ಬ್ಯಾಟರಿ ಬಡವಾಗಿದೆ, ಇಲ್ಲಾ ಅದರ ಟರ್ಮಿನಲ್ಲು ಸಡಿಲ. ನಮ್ಮದು ಒಂಚೂರು ಮಂಕಾಯ್ತು, ಅಷ್ಟೇ. ಮೀಟರ್ ಹಚ್ಚಿದೆ. ಬ್ಯಾಟರಿ 12.5 ವೋಲ್ಟ್. ಪೂರ್ತಿ ಚಾರ್ಜಾದ ಬ್ಯಾಟರಿ 12.6ರ ಮೇಲಿರುತ್ತೆ, 12.2 ಅಂದರೆ ಅರ್ಧ ಖಾಲಿ. ಕೀ ತಿರುಗಿಸಿ ಹಿಡಿದಾಗ 11ರ ಹತ್ತಿರ ನಿಂತಿತು. ಆಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನ ಅನುಮಾನಿಸಬೇಕು. ನಮ್ಮದು ಗಟ್ಟಿಮುಟ್ಟಾಗಿದೆ.

ಹಾಗಾದರೆ ಬ್ಯಾಟರಿಯಲ್ಲಿ ಇರೋ ವೋಲ್ಟೇಜು ದಾರಿಯಲ್ಲಿ ಎಲ್ಲೋ ಕಳುವಾಗ್ತಿದೆ. ಕಳ್ಳನನ್ನ ಹಿಡಿಯೋ ವಿಧಾನ ಸರಳ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಗೂಟಕ್ಕೆ, ಇನ್ನೊಂದು ಸ್ಟಾರ್ಟರಿನ ದಪ್ಪ ಬೋಲ್ಟಿಗೆ. ಕೀ ತಿರುಗಿಸಿದಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ನಮ್ಮದು 0.2. ಆಮೇಲೆ ಒಂದು ಕಡ್ಡಿ ಮೈನಸ್ ಗೂಟಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ. ಇಲ್ಲಿ 0.2, 0.3 ದಾಟಬಾರದು.

"ತಿರುಗಿಸು!" ಟಕ್. ಮೀಟರಲ್ಲಿ ಐದು ವೋಲ್ಟು.

ಸಿಕ್ಕಿತು. ಮೋಟಾರಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರಬೇಕಾದದ್ದು ಇಂಜಿನ್ನಿನಿಂದ ಬಾಡಿಗೆ ಕಟ್ಟಿರೋ ಒಂದು ಹೆಣೆದ ಪಟ್ಟಿಯ ಮೂಲಕ. ಅರ್ತ್ ಪಟ್ಟಿ. ಕೆಳಗೆ, ಕೈ ಹಾಕೋಕೂ ಕಷ್ಟ ಆಗೋ ಜಾಗದಲ್ಲಿ, ಗದ್ದೆ ರಸ್ತೆಯ ಕೆಸರು ಮೆತ್ತಿಕೊಂಡು, ಬೋಲ್ಟಿನ ಸುತ್ತ ತುಕ್ಕು ಹಿಡಿದು ಕೂತಿತ್ತು. ಸ್ಟಾರ್ಟರ್ ಎಳೆಯೋದು ನೂರೈವತ್ತು, ಇನ್ನೂರು ಆಂಪಿಯರ್. ಮನೆಯ ಮಿಕ್ಸಿ, ಫ್ಯಾನು, ಟೀವಿ ಎಲ್ಲ ಸೇರಿದರೂ ಅಷ್ಟು ಎಳೆಯಲ್ಲ. ಅಷ್ಟು ಕರೆಂಟು ಹರಿಯೋ ದಾರಿಯಲ್ಲಿ ಒಂದು ಓಮಿನ ನೂರನೇ ಒಂದು ಭಾಗ ಅಡ್ಡ ಬಂದರೂ ಎರಡು ವೋಲ್ಟು ಹೋಯ್ತು. ನಮ್ಮ ತುಕ್ಕು ಮೂರು ಭಾಗದಷ್ಟಿತ್ತು. ನರಸೀಪುರದ ಗುಂಜಾ ನರಸಿಂಹನ ಬೆರಳ ಸಂದಿಯಲ್ಲಿ ಒಂದು ಗುಲಗಂಜಿ ಇದೆ. ಪುಣ್ಯದಲ್ಲಿ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಅದರರ್ಥ. ಚಿಕ್ಕಂದಿನಲ್ಲಿ, ಒಂದು ಗುಲಗಂಜಿಯಲ್ಲಿ ಏನ್ ಮಹಾ ವ್ಯತ್ಯಾಸ ಅಂತ ಅವ್ವನ್ನ ಕೇಳಿದ್ದೆ. ಆ ಬೆಳಗ್ಗೆ ಉತ್ತರ ಸಿಕ್ಕಿತು.

ಚಳಿಯಲ್ಲೇ ಯಾಕೆ? ಚಳಿಗೆ ಇಂಜಿನ್ ಆಯಿಲ್ಲು ಗಟ್ಟಿಯಾಗುತ್ತೆ, ತಿರುಗಿಸೋಕೆ ಜಾಸ್ತಿ ಶಕ್ತಿ ಬೇಕು. ಅದೇ ಹೊತ್ತಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕೆಲಸ ನಿಧಾನ ಆಗಿ, ಕೊಡೋ ಶಕ್ತಿ ಕಡಿಮೆ. ಕೇಳೋದು ಜಾಸ್ತಿ, ಕೊಡೋದು ಕಮ್ಮಿ. ಬಿಸಿಲೇರಿದ ಮೇಲೆ ಆರೇಳು ವೋಲ್ಟಲ್ಲೇ ಹೇಗೋ ತಿರುಗುತ್ತಿದ್ದ ಮೋಟಾರು ಬೆಳಗಿನ ಜಾವ ಕೈಚೆಲ್ಲುತ್ತಿತ್ತು. ನಮ್ಮ ಕಡೆ ಚಳಿ ಒಳ್ಳೆ ಗಾಡಿಯನ್ನ ಕೆಡಿಸುವಷ್ಟು ದೊಡ್ಡದಲ್ಲ. ಕೆಟ್ಟಿರೋದನ್ನ ತೋರಿಸುತ್ತೆ, ಅಷ್ಟೇ. ಬ್ಯಾಟರಿ ವಿಷಯದಲ್ಲೂ ಹಾಗೇ. ಅದರ ಆಯಸ್ಸು ತಿನ್ನೋದು ಏಪ್ರಿಲ್ ತಿಂಗಳ ಸೆಕೆ, ಸುದ್ದಿ ಗೊತ್ತಾಗೋದು ಡಿಸೆಂಬರಲ್ಲಿ.

ಇನ್ನೊಂದು ಮಾತು. ಈ ತುಕ್ಕನ್ನ ಮೀಟರಿನ ಓಮ್ ಗುಂಡಿ ಒತ್ತಿ ಅಳೆದಿದ್ದರೆ ಸೊನ್ನೆ ತೋರಿಸಿ 'ಎಲ್ಲ ಸರಿ ಇದೆ' ಅಂದುಬಿಡುತ್ತಿತ್ತು. ಸುಮ್ಮನೆ ಕೂತಾಗ ಇಂಥ ದೋಷ ಕಾಣಲ್ಲ. ಭಾರ ಬಿದ್ದಾಗ, ಕೀ ತಿರುಗಿಸಿ ಹಿಡಿದಾಗಲೇ ಅಳೆಯಬೇಕು.

ಖಾತ್ರಿ ಮಾಡಿಕೊಳ್ಳೋಕೆ ಪಕ್ಕದೂರಿನ ಟ್ರ್ಯಾಕ್ಟರಿನವನ ಹತ್ತಿರ ಜಂಪರ್ ಕೇಬಲ್ ತಂದು, ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ನಿಗೆ ಕಚ್ಚಿಸಿದೆ. ಕೀ ತಿರುಗಿಸಿದ ತಕ್ಷಣ ಗುರ್ರ್ ಅಂತ ಎದ್ದಿತು. ಆಮೇಲೆ ಬ್ಯಾಟರಿಯ ಮೈನಸ್ ವೈರನ್ನ ಮೊದಲು ಬಿಚ್ಚಿ, ಪಟ್ಟಿ ತೆಗೆದು, ಎರಡು ಕಡೆಯೂ ಸ್ಯಾಂಡ್ ಪೇಪರಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ನೀವು ಮಾಡೋದಾದರೆ ಗಾಡಿ ನ್ಯೂಟ್ರಲ್ಲಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಕೈಯಲ್ಲಿ ಉಂಗುರ, ವಾಚು ಬೇಡ. ಕೀಯನ್ನ ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಮೋಟಾರು ಸುಟ್ಟೀತು. ಖರ್ಚು: ಸ್ಯಾಂಡ್ ಪೇಪರಿಗೆ ಹತ್ತು ರೂಪಾಯಿ. ಅದಕ್ಕೂ ಮುಂಚೆ ನನ್ನ ಫೋನ್ ವೈದ್ಯಕ್ಕೆ ಅಪ್ಪ ಕಳೆದದ್ದು ಎರಡು ಸಾವಿರದ ಮೇಲೆ.

ಎರಡನೇ ರೋಗಕ್ಕೆ ಸ್ಯಾಂಡ್ ಪೇಪರ್ ಇರಲಿಲ್ಲ. ಅಪ್ಪ ಒಪ್ಪಲೂ ಇಲ್ಲ. "ನಂಗೆ ಚೆನ್ನಾಗೇ ಕೇಳ್ತದೆ, ನೀವೇ ಬಾಯೊಳಗೆ ಮಾತಾಡ್ತೀರಿ" ಅಂದ. ಒಂದು ರೀತಿಯಲ್ಲಿ ಅವನು ಹೇಳಿದ್ದು ನಿಜ. ಇಂಜಿನ್ನಿನ ಗುಡುಗುಡು ಕೇಳ್ತಿತ್ತು, ಬಸ್ಸಿನ ಸದ್ದು ಕೇಳ್ತಿತ್ತು, ಜಗುಲಿ ಮೇಲೆ ಎದುರು ಕೂತು ಮಾತಾಡಿದರೆ ತುಟಿ ನೋಡಿಕೊಂಡು ಸರಿಯಾಗೇ ಉತ್ತರ ಕೊಡ್ತಿದ್ದ. ಭಾರ ಬಿದ್ದಾಗ ಮಾತ್ರ, ಅಂದರೆ ಫೋನಲ್ಲಿ, ಮದುವೆ ಮನೆಯಲ್ಲಿ, ಬೆನ್ನ ಹಿಂದಿನಿಂದ ಕರೆದಾಗ, ಎಲ್ಲ ಕೈಕೊಡ್ತಿತ್ತು. ನನಗೆ ಭಯ ಆದದ್ದು ಬೇರೆ ಕಾರಣಕ್ಕೆ. ಕಬ್ಬಿನ ಟ್ರ್ಯಾಕ್ಟರು, ಟಿಪ್ಪರು, ಬೈಕಿನ ಹುಡುಗರು ನುಗ್ಗೋ ರಸ್ತೆಯಲ್ಲಿ ನಾಲ್ಕು ಜನರನ್ನ ಕೂರಿಸಿಕೊಂಡು, ಮಂಜಲ್ಲಿ, ಹಿಂದಿನ ಹಾರನ್ ಕೇಳದೆ ಈ ಮನುಷ್ಯ ಓಡಿಸ್ತಾ ಇದ್ದಾನೆ. "ದೊಡ್ಡವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾದ್ರೆ ನಿನ್ನ ಕಾರೂ ಸರಿ ಇರ್ಬೇಕು, ನಿನ್ನ ಕಿವಿಯೂ ಸರಿ ಇರ್ಬೇಕು" ಅಂದೆ. ಅದಕ್ಕೆ ಸುಮ್ಮನಾದ.

ಹಬ್ಬದ ಮೂರನೇ ದಿನ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. 1965ರಲ್ಲಿ ಶುರುವಾದ ಸಂಸ್ಥೆ. ದೇಶದ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಕಾಲೇಜು ಓದುವಾಗ ದಿನಾ ಆ ಗೇಟಿನ ಮುಂದೆ ಬಸ್ಸಲ್ಲಿ ಹೋಗ್ತಿದ್ದೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಅಪ್ಪನ್ನ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಅಂದರು. ನಾನು ಗಾಜಿನ ಹೊರಗೆ ನಿಂತು ನೋಡ್ತಿದ್ದೆ. ಮೊದಮೊದಲು ಬೆರಳು ಎದ್ದಿತು. ಆಮೇಲೆ ಅಪ್ಪ ಬೆರಳನ್ನ ಮಡಿಲಲ್ಲಿ ಸಿದ್ಧ ಇಟ್ಟುಕೊಂಡು, ಕಣ್ಣು ಮುಚ್ಚಿ, ಥೇಟ್ ಮಿಲ್ಲಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಲ್ಲುತ್ತಿದ್ದ ಹಾಗೆ, ಕಾಯ್ತಾ ಕೂತ. ಬೆರಳು ಏಳಲಿಲ್ಲ. ನಾನು ಅಲ್ಲಿಂದ ಆಚೆ ಬಂದೆ.

ಗ್ರಾಫ್ ತೋರಿಸಿ ವಿವರಿಸಿದರು. ತಗ್ಗಿನ ಸ್ವರಗಳು ಬಹುಪಾಲು ಸರಿ ಇವೆ, ಮೇಲಿನ ಸ್ವರಗಳಲ್ಲಿ ಗೆರೆ ಬಾವಿಗೆ ಬಿದ್ದ ಹಾಗೆ ಇಳಿದಿದೆ, 4000 ಹರ್ಟ್ಸ್ ಹತ್ತಿರ ತಳ ಮುಟ್ಟಿದೆ. ವರ್ಷಗಟ್ಟಲೆ ಗದ್ದಲದಲ್ಲಿ ಕೆಲಸ ಮಾಡಿದವರ ಕಿವಿ ಕೆಡೋ ರೀತಿಯೇ ಇದು. 85 ಡೆಸಿಬಲ್ ಮೀರಿದ ಸದ್ದಲ್ಲಿ ದಿನಕ್ಕೆ ಎಂಟು ಗಂಟೆ ಕೂತರೆ ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಒಂದೊಂದಾಗಿ ಸಾಯ್ತವೆ, ಸತ್ತದ್ದು ಮತ್ತೆ ಹುಟ್ಟಲ್ಲ. ಆ, ಊ, ಓ ಥರದ ಸ್ವರಗಳು ತಗ್ಗಿನವು, ಅವು ಕೇಳ್ತವೆ. ಸ, ಶ, ತ, ಟ, ಕ ಇವೆಲ್ಲ ಮೇಲಿನ ಸದ್ದುಗಳು. ಹಾಗಾಗಿ ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಟಕ್ ಅನ್ನೋ ಪದವನ್ನೇ ಬಿಡಿಸಿ ನೋಡಿ. ಅಪ್ಪನಿಗೆ ಕೇಳದ ಎರಡು ಅಕ್ಷರ ಸೇರಿ ಆಗಿದೆ ಅದು. ಫೋನಂತೂ ಮೇಲಿನ ಸದ್ದುಗಳನ್ನ ಮೊದಲೇ ಕತ್ತರಿಸಿ ಕಳಿಸುತ್ತೆ.

"ಇರು ನಿಮ್ಮವ್ವಂಗೆ ಕೊಡ್ತೀನಿ."

ನಾಲ್ಕೈದು ವರ್ಷ. ಅಪ್ಪನಿಗೆ ನನ್ನ ಜೊತೆ ಮಾತು ಬೇಡ ಅಂತ ನಾನು ಪಟ್ಟಿಯಿಂದ ಹೊಡೆದುಹಾಕಿದ್ದೆ. ಅವನು ನನ್ನ ಫೀಸು ಕಟ್ಟೋಕೆ ದಿನಕ್ಕೆ ಹತ್ತು ಗಂಟೆ ಆ ಮಿಲ್ಲಿನ ಗದ್ದಲದಲ್ಲಿ ನಿಂತಿದ್ದ. ಕಿವಿ ಹೋದದ್ದು ಅಲ್ಲಿ. ನನಗೆ ಕೇಳೋದು ಕಲಿಸಿದ ಜಾಗವೂ ಅದೇ.

ಎರಡೂ ಕಿವಿಗೆ ಮೆಷಿನ್ ಬಂದಿದೆ. ಮೊದಲ ವಾರ ಬರೀ ದೂರು. ಪ್ಲಾಸ್ಟಿಕ್ ಕವರು ಚರಚರ ಅಂತದೆ, ಅವ್ವ ಪಾತ್ರೆ ಕುಕ್ಕುತ್ತಾಳೆ, ಚಪ್ಪಲಿ ಇಷ್ಟು ಸದ್ದು ಮಾಡ್ತವೆ ಅಂತ ಗೊತ್ತೇ ಇರಲಿಲ್ಲ. ಮೆಷಿನ್ ಹಾಕ್ಕೊಳ್ಳದೆ ಕಾರಿನ ಕೀ ಮುಟ್ಟಬಾರದು ಅಂತ ಅವ್ವ ಕಟ್ಟಳೆ ಮಾಡಿದ್ದಾಳೆ. ಕೀ ಮತ್ತು ಮೆಷಿನ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡ್ತಾಳೆ.

ಫೆಬ್ರವರಿಯ ಒಂದು ದಿನ, ಚಳಿ ಇನ್ನೂ ಇತ್ತು, ಬೆಳಗ್ಗೆ ಐದೂಕಾಲಿಗೆ ಫೋನು. ಹೆಂಡತಿ ಲೈಟ್ ಹಾಕಿದಳು. ಎತ್ತಿದೆ.

"ಸ್ಟಾರ್ಟ್ ಆಯ್ತು ಕನ ಮಗ. ಒಂದೇ ಏಟಿಗೆ," ಅಂದ ಅಪ್ಪ. "ಅದ್ಸರಿ, ಇದರ ಟ್ಯಾಪೆಟ್ಟು ಅಷ್ಟೊಂದು ಟಕಟಕ ಅಂತದಲ್ಲ, ಮೂರು ದಿನ ಇಲ್ಲೇ ಇದ್ಯಲ್ಲ ನೀನು, ಕೇಳಿಸ್ಕಳ್ಲಿಲ್ವಾ? ಏನ್ ಕಿವಿನಪ್ಪ ನಿಂದು?"

ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದ. ಟ್ಯಾಪೆಟ್ಟು, ಕಬ್ಬಿನ ದುಡ್ಡು, ನನ್ನ ಮಗಳ ಶಾಲೆ. ಅವ್ವನಿಗೆ ಕೊಡು ಅಂತ ಕೊನೆಗೆ ನಾನೇ ಕೇಳಬೇಕಾಯ್ತು.